ವಿದ್ಯಾಲಯದ ಹೊಸ್ತಿಲಲ್ಲಿ ವಲಸೆಗಾರ: ಅಮೆರಿಕದಲ್ಲಿ ಹಕ್ಕು ಮತ್ತು ಆಸರೆಗಳ ಚರಿತ್ರೆ

1

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೆಯ ತಿದ್ದುಪಡಿಯು ಕಾನೂನಿನ ಸಮಾನ ರಕ್ಷಣೆಯನ್ನು ‘ಪೌರ’ನಿಗೆಂದು ಹೇಳದೆ ‘ವ್ಯಕ್ತಿ’ಗೆಂದು ಹೇಳಿತು. ದಾಸ್ಯದಿಂದ ಬಿಡುಗಡೆ ಹೊಂದಿದ ಆಫ್ರಿಕನ್ ಮೂಲದ ಜನರನ್ನು ಉದ್ದೇಶಿಸಿ ಮಾಡಿದ ಈ ತಿದ್ದುಪಡಿಯ ಆ ಒಂದು ಪದವೇ ಮುಂದೆ ಪರದೇಶದಿಂದ ಬಂದವರ ಪಾಲಿಗೂ ಆಧಾರಸ್ತಂಭವಾಯಿತು. ವಿದ್ಯಾರ್ಥಿಯಾಗಿ ಬಂದವನಿಗೆ, ವಲಸೆಗಾರರ ಮಗುವಾಗಿ ಬೆಳೆದವನಿಗೆ, ಆ ದೇಶದಲ್ಲಿ ಯಾವ ಹಕ್ಕುಗಳಿವೆ ಎಂಬ ಪ್ರಶ್ನೆಯ ಇತಿಹಾಸವನ್ನು ಇಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಮೊದಲು ನ್ಯಾಯಾಲಯದ ಮೆಟ್ಟಿಲೇರಿದವರು ಚೀನೀಯರು. ಸಾನ್ ಫ್ರಾನ್ಸಿಸ್ಕೋ ನಗರದ ಮೇಮಿ ಟೇಪ್ ಎಂಬ ಬಾಲಿಕೆಗೆ ಸಾರ್ವಜನಿಕ ಶಾಲೆಯಲ್ಲಿ ಪ್ರವೇಶ ನಿರಾಕರಿಸಿದಾಗ ಆಕೆಯ ತಂದೆತಾಯಿಗಳು ದಾವೆ ಹೂಡಿದರು. 1885ರಲ್ಲಿ ಕ್ಯಾಲಿಫೋರ್ನಿಯದ ಉಚ್ಚತಮ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪಿತ್ತಿತು. ಆದರೆ ರಾಜ್ಯದ ಶಾಸನಸಭೆ ಒಡನೆಯೇ ಚೀನೀ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನು ತೆರೆಯಲು ಅವಕಾಶ ಕಲ್ಪಿಸಿ, ತೀರ್ಪಿನ ಸಾರವನ್ನೇ ಹಿಂಡಿಬಿಟ್ಟಿತು. ಮರುವರ್ಷ, 1886ರಲ್ಲಿ, ಯಿಕ್ ವೋ ಪ್ರಕರಣದಲ್ಲಿ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯವು ಚೀನೀ ಅಗಸನೊಬ್ಬನ ಮೊರೆಯನ್ನು ಆಲಿಸಿ, ಸಮಾನ ರಕ್ಷಣೆಯು ಪೌರರಲ್ಲದವರಿಗೂ ಸಲ್ಲುವುದೆಂದು ಸ್ಪಷ್ಟಪಡಿಸಿತು. ಕಾನೂನು ಒಂದು ಕೈಯಿಂದ ಕೊಟ್ಟದ್ದನ್ನು ಆಡಳಿತವು ಇನ್ನೊಂದು ಕೈಯಿಂದ ಕಸಿದುಕೊಳ್ಳುವ ಈ ಕ್ರಮ ಮುಂದೆಯೂ ಪದೇ ಪದೇ ಕಾಣಿಸಿಕೊಂಡಿದೆ.

2

ಭಾರತೀಯರ ಅನುಭವ ಇದಕ್ಕಿಂತ ಭಿನ್ನವಾಗಿರಲಿಲ್ಲ. 1917ರ ವಲಸೆ ಕಾಯಿದೆಯು ಏಷ್ಯದ ಬಹುಭಾಗದ ಜನರಿಗೆ ಬಾಗಿಲು ಮುಚ್ಚಿತಾದರೂ ವಿದ್ಯಾರ್ಥಿಗಳನ್ನು ಆ ನಿಷೇಧದಿಂದ ಹೊರಗಿಟ್ಟಿತು. ಓದಲು ಬರಬಹುದು, ನೆಲೆಸಲಾಗದು ಎಂಬುದೇ ಇದರ ತಾತ್ಪರ್ಯ. ಅಥಣಿಯಲ್ಲಿ ಹುಟ್ಟಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ರಸಾಯನಶಾಸ್ತ್ರಜ್ಞ ವಾಮನ ರಾಮಚಂದ್ರ ಕೊಕಟನೂರರಂಥವರು ಆ ಕಾಲದ ವಿದ್ಯಾರ್ಥಿ ಪೀಳಿಗೆಗೆ ಸೇರಿದವರು.

ಈ ವಿದ್ಯಾರ್ಥಿಗಳಿಗೆ ಆಸರೆ ದೊರೆತದ್ದು ಸರ್ಕಾರದಿಂದಲ್ಲ, ತಮ್ಮವರಿಂದ. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಪ್ರದೇಶದಲ್ಲಿ ಆಲೂಗಡ್ಡೆ ಬೆಳೆದು ಅನುಕೂಲವಂತರಾಗಿದ್ದ ಜ್ವಾಲಾ ಸಿಂಗರು 1912ರಲ್ಲಿ ಗುರು ಗೋವಿಂದ ಸಿಂಗರ ಹೆಸರಿನಲ್ಲಿ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿ, ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದಲು ಭಾರತೀಯ ತರುಣರನ್ನು ಕರೆಸಿಕೊಂಡರು. ಆಯ್ಕೆಯಲ್ಲಿ ಮತ, ಪ್ರಾಂತಗಳ ಭೇದವಿರಲಿಲ್ಲ. ಹೊಲದಲ್ಲಿ ದುಡಿದವರ ಹಣ ಓದುವ ಹುಡುಗರ ಬೆನ್ನಿಗೆ ನಿಂತ ಈ ಪ್ರಸಂಗವನ್ನು, ವಲಸೆಗಾರ ವಿದ್ಯಾರ್ಥಿಗಳಿಗಾಗಿ ಭಾರತೀಯರು ಅಲ್ಲಿ ಕಟ್ಟಿದ ಸಂಘಟಿತ ನೆರವಿನ ಮೊದಮೊದಲ ಉದಾಹರಣೆಗಳಲ್ಲಿ ಎಣಿಸಬೇಕು.

ಆದರೆ ಹಣದ ನೆರವು ಕಾನೂನಿನ ಕೊರತೆಯನ್ನು ತುಂಬಲಾರದು. ಬರ್ಕ್ಲಿಯಲ್ಲಿ ಓದಿದ್ದ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ತಿಂದ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ಭಾರತೀಯರು ‘ಬಿಳಿಯ’ರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ನಿರ್ಣಯಿಸಿತು. ಅದಾಗಲೇ ಪೌರತ್ವ ಪಡೆದಿದ್ದ ಅನೇಕರು ಅದನ್ನು ಕಳೆದುಕೊಂಡರು. ಹೀಗೆ ಕಳೆದುಕೊಂಡವರಲ್ಲಿ ಒಬ್ಬರಾದ ವೈಷ್ಣೋ ದಾಸ್ ಬಗಾಯಿ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1946ರ ಲೂಸ್–ಸೆಲ್ಲರ್ ಕಾಯಿದೆಯು ಭಾರತೀಯರಿಗೆ ಪೌರತ್ವದ ಹಕ್ಕನ್ನು ಮರಳಿ ಕೊಟ್ಟಾಗ ವರ್ಷಕ್ಕೆ ನೂರು ಜನರ ಪ್ರವೇಶವನ್ನಷ್ಟೇ ಒಪ್ಪಿತ್ತು. ಕನ್ನಡಿಗರನ್ನೂ ಒಳಗೊಂಡಂತೆ ಭಾರತೀಯ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಹೋಗಿ ನೆಲೆಸುವುದು ಸಾಧ್ಯವಾದದ್ದು 1965ರ ಹಾರ್ಟ್–ಸೆಲ್ಲರ್ ಕಾಯಿದೆಯ ತರುವಾಯ.

3

ದಾಖಲೆರಹಿತರಾಗಿ ಬಂದವರ ಮಕ್ಕಳ ಪ್ರಶ್ನೆ ಇನ್ನೂ ಜಟಿಲವಾದುದು. ಟೆಕ್ಸಾಸ್ ರಾಜ್ಯವು 1975ರಲ್ಲಿ ಇಂಥ ಮಕ್ಕಳ ಶಿಕ್ಷಣಕ್ಕೆ ರಾಜ್ಯದ ಹಣ ಸಲ್ಲದೆಂದು ಶಾಸನ ಮಾಡಿತು. ಅದನ್ನು ಅನುಸರಿಸಿ ಟೈಲರ್ ಪಟ್ಟಣದ ಶಾಲಾ ಮಂಡಲಿಯು 1977ರಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 1000 ಡಾಲರ್ ಶುಲ್ಕ ವಿಧಿಸಿತು. ಕೂಲಿಕಾರ ಕುಟುಂಬಗಳಿಗೆ ಇದು ಬಹಿಷ್ಕಾರಕ್ಕೆ ಸಮಾನವಾಗಿತ್ತು. ನಾಲ್ಕು ಮೆಕ್ಸಿಕನ್ ಕುಟುಂಬಗಳು ಹೆಸರನ್ನು ಮರೆಸಿಕೊಂಡು ದಾವೆ ಹೂಡಿದವು. ಅವರು ಯಾರ ಕಣ್ಣಿಗೂ ಬೀಳದಿರಲೆಂದು ನ್ಯಾಯಾಧೀಶರು ವಿಚಾರಣೆಯನ್ನು ಬೆಳಗಿನ ಜಾವಕ್ಕೆ ಇರಿಸಿದರು. ಗಡೀಪಾರಾದರೆ ಅಲ್ಲಿಂದಲೇ ಹೊರಡಬೇಕಾದೀತೆಂದು ತಂದೆತಾಯಿಗಳು ಮನೆಯ ಸಾಮಾನನ್ನು ಕಾರಿನಲ್ಲಿ ಹೇರಿಕೊಂಡೇ ನ್ಯಾಯಾಲಯಕ್ಕೆ ಬಂದಿದ್ದರು.

‘ಪ್ಲೈಲರ್ ವಿರುದ್ಧ ಡೋ’ ಎಂದು ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ 1982ರ ಜೂನ್ 15ರಂದು ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕು ಮತಗಳಿಂದ ಮಕ್ಕಳ ಪರವಾಗಿ ತೀರ್ಪಿತ್ತಿತು. ಹಿರಿಯರ ನಡತೆಗಾಗಿ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲವೆಂಬುದೂ, ಅಕ್ಷರಹೀನರ ಒಂದು ಕೆಳವರ್ಗವನ್ನು ರಾಜ್ಯವೇ ಸೃಷ್ಟಿಸುವುದು ಸಮಾಜಕ್ಕೆ ಹಾನಿಕರವೆಂಬುದೂ ನ್ಯಾಯಮೂರ್ತಿ ಬ್ರೆನ್ನನ್‌ರ ವಾದದ ಮುಖ್ಯಾಂಶಗಳು. ಆದರೆ ತೀರ್ಪಿನ ರಕ್ಷಣೆ ಪ್ರೌಢಶಾಲೆಯ ಕೊನೆಯ ದಿನಕ್ಕೆ ಮುಗಿಯಿತು. ಕಾಲೇಜಿನ ಬಾಗಿಲನ್ನು ಅದು ಮುಟ್ಟಲಿಲ್ಲ.

4

ಮುಂದಿನ ಹೋರಾಟ ನಡೆದದ್ದು ಬಹುಮಟ್ಟಿಗೆ ಶುಲ್ಕದ ಪ್ರಶ್ನೆಯ ಮೇಲೆ. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆಯಾ ರಾಜ್ಯದ ನಿವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚಿನ ಮತ್ತೊಂದು ದರ. ರಾಜ್ಯದ ಶಾಲೆಯಲ್ಲಿಯೇ ಬೆಳೆದ ದಾಖಲೆರಹಿತ ವಿದ್ಯಾರ್ಥಿಯನ್ನು ಹೊರಗಿನವನೆಂದು ಎಣಿಸಿದರೆ ಪ್ರವೇಶ ದೊರೆತೂ ದೊರೆಯದಂತೆಯೇ. 2001ರಲ್ಲಿ ಟೆಕ್ಸಾಸ್ ಮೊದಲು, ಅನಂತರ ಕ್ಯಾಲಿಫೋರ್ನಿಯ, ಈ ತಾರತಮ್ಯವನ್ನು ಶಾಸನದ ಮೂಲಕ ನಿವಾರಿಸಿದವು. ಕ್ಯಾಲಿಫೋರ್ನಿಯದ ಶಾಸನವು ಪೌರತ್ವವನ್ನು ಕೇಳದೆ, ರಾಜ್ಯದ ಪ್ರೌಢಶಾಲೆಯಲ್ಲಿ ಮೂರು ವರ್ಷ ಓದಿರಬೇಕೆಂಬುದನ್ನು ಮುಖ್ಯ ಅರ್ಹತೆಯನ್ನಾಗಿ ಮಾಡಿತು. 2010ರಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಟೆಕ್ಸಾಸಿನ ಗತಿ ಬೇರೆಯಾಯಿತು. 2025ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ದಾವೆ ಹೂಡಿದ ದಿನವೇ ರಾಜ್ಯವು ಒಪ್ಪಿಕೊಂಡು, ದಾರಿ ತೋರಿದ ಶಾಸನವೇ ರದ್ದಾಯಿತು.

ಸಂಸತ್ತಿನಲ್ಲಿ 2001ರಿಂದಲೂ ಮಂಡಿತವಾಗುತ್ತ ಬಂದ ‘ಡ್ರೀಮ್’ ಮಸೂದೆ 2010ರಲ್ಲಿ ಸೆನೆಟಿನಲ್ಲಿ ಬಿದ್ದುಹೋಯಿತು. ಆಗ ಅಧ್ಯಕ್ಷ ಒಬಾಮಾರ ಆಡಳಿತವು 2012ರ ಜೂನ್ 15ರಂದು, ಪ್ಲೈಲರ್ ತೀರ್ಪಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, ‘ಡಾಕಾ’ ಎಂಬ ವ್ಯವಸ್ಥೆಯನ್ನು ಘೋಷಿಸಿತು. ಹದಿನಾರು ವರ್ಷ ತುಂಬುವ ಮೊದಲೇ ಬಂದವರಿಗೆ ಎರಡು ವರ್ಷಗಳ ಅವಧಿಗೆ ಗಡೀಪಾರಿನಿಂದ ವಿನಾಯಿತಿ ಹಾಗೂ ಉದ್ಯೋಗದ ಅನುಮತಿ ದೊರೆಯುತ್ತಿತ್ತು. ಪೌರತ್ವವಾಗಲಿ ಸ್ಥಿರವಾಸದ ಹಕ್ಕಾಗಲಿ ಅಲ್ಲ. ಎಂಟು ಲಕ್ಷಕ್ಕೂ ಮಿಕ್ಕಿದ ಯುವಕ ಯುವತಿಯರು ಇದರ ಪ್ರಯೋಜನ ಪಡೆದರು.

2017ರ ಸೆಪ್ಟೆಂಬರ್ 5ರಂದು ಟ್ರಂಪ್ ಆಡಳಿತವು ಇದನ್ನು ಹಿಂತೆಗೆದುಕೊಂಡಿತು. ಮೂರೇ ದಿನಗಳಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ದಾವೆ ಹೂಡಿತು. ಆಗ ಆ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿದ್ದ ಜಾನೆಟ್ ನೆಪೊಲಿಟಾನೋ ಅವರೇ 2012ರಲ್ಲಿ ಒಳಾಡಳಿತ ಭದ್ರತೆಯ ಕಾರ್ಯದರ್ಶಿಯಾಗಿ ಡಾಕಾ ಆದೇಶಕ್ಕೆ ಸಹಿ ಹಾಕಿದ್ದವರು. 2020ರ ಜೂನ್ 18ರಂದು ಸರ್ವೋಚ್ಚ ನ್ಯಾಯಾಲಯವು, ಹಿಂತೆಗೆದುಕೊಂಡ ವಿಧಾನ ಕ್ರಮಬದ್ಧವಾಗಿರಲಿಲ್ಲವೆಂದು ವಿಶ್ವವಿದ್ಯಾಲಯದ ಪರವಾಗಿ ತೀರ್ಪಿತ್ತಿತು. ತೀರ್ಪು ವಿಧಾನವನ್ನು ಕುರಿತದ್ದೇ ಹೊರತು ಹಕ್ಕನ್ನು ಕುರಿತದ್ದಲ್ಲವೆಂಬುದನ್ನು ಮರೆಯಲಾಗದು. 2021ರಲ್ಲಿ ಟೆಕ್ಸಾಸಿನ ನ್ಯಾಯಾಲಯವೊಂದು ಹೊಸ ಅರ್ಜಿಗಳ ಮಂಜೂರಾತಿಯನ್ನು ತಡೆಹಿಡಿಯಿತು.

5

ವಲಸೆ ನ್ಯಾಯಾಲಯಗಳಲ್ಲಿ ಆರೋಪಿತನು ವಕೀಲನನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ. ಆದುದರಿಂದಲೇ ವಿದ್ಯಾಲಯಗಳು ಒದಗಿಸುವ ಉಚಿತ ಸಲಹೆಗೆ ವಿಶೇಷ ಮಹತ್ವ. ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯವು 1997ರಲ್ಲಿಯೇ ಪೌರತ್ವ ಹಾಗೂ ವಲಸೆ ವಿಷಯಗಳಲ್ಲಿ ಉಚಿತ ಕಾನೂನು ಸೇವೆಯನ್ನು ಆರಂಭಿಸಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ಡೇವಿಸ್‌ನ ಕಾನೂನು ಶಾಲೆಯನ್ನು ಕೇಂದ್ರವಾಗಿಟ್ಟುಕೊಂಡು ವಿದ್ಯಾರ್ಥಿಗಳಿಗೂ ಅವರ ಹತ್ತಿರದ ಬಂಧುಗಳಿಗೂ ವಕೀಲರ ನೆರವನ್ನು ಏರ್ಪಡಿಸಿತು. ವಿದ್ಯಾರ್ಥಿಗಳ ದಾಖಲೆಗಳನ್ನು ಅವರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಹೊರಗೆಡಹಬಾರದೆಂಬ 1974ರ ಕಾಯಿದೆಯೂ, ಖಾಸಗಿ ಕೊಠಡಿಗೆ ನುಗ್ಗಲು ನ್ಯಾಯಾಧೀಶರ ಸಹಿಯುಳ್ಳ ವಾರಂಟು ಬೇಕು, ಇಲಾಖೆಯ ಕಾಗದ ಸಾಲದು ಎಂಬ ತತ್ತ್ವವೂ ಈ ಸಲಹೆಯ ತಳಹದಿಗಳು. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಲ್ಲಿ ಬಂಧನ ಕಾರ್ಯಗಳಿಗೆ ಮಿತಿ ಹಾಕಿದ್ದ ಆಡಳಿತ ಸೂಚನೆ 2025ರ ಜನವರಿಯಲ್ಲಿ ರದ್ದಾದ ಮೇಲೆ ಇವುಗಳ ತಿಳಿವಳಿಕೆ ಇನ್ನಷ್ಟು ಅವಶ್ಯವಾಯಿತು.

ಸಕ್ರಮವಾಗಿ ಬಂದವರೂ ನಿಶ್ಚಿಂತರಲ್ಲ. ವಿದ್ಯಾರ್ಥಿ ವೀಸಾದವರ ವಿವರಗಳನ್ನು ಕಾಲೇಜೇ ಸರ್ಕಾರಕ್ಕೆ ಒಪ್ಪಿಸಬೇಕು. ಯಾವ ಒಂದು ದೇಶಕ್ಕೂ ವರ್ಷದ ಸ್ಥಿರವಾಸದ ಪರವಾನಗಿಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ನಿಯಮದ ಫಲವಾಗಿ ಭಾರತೀಯ ಉದ್ಯೋಗಸ್ಥರ ಸರತಿ ದಶಕಗಳಷ್ಟು ಉದ್ದವಾಗಿದೆ. ಅವರ ಮಕ್ಕಳು 21 ವರ್ಷ ತುಂಬಿದೊಡನೆ ತಂದೆತಾಯಿಗಳ ಆಶ್ರಿತರೆಂಬ ಸ್ಥಾನವನ್ನು ಕಳೆದುಕೊಳ್ಳುತ್ತಾರೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕೂಸಾಗಿ ಹೋಗಿ ಅಲ್ಲಿಯೇ ಬೆಳೆದವನು ಕಾಲೇಜಿನ ನಡುವೆ ಪರದೇಶೀ ವಿದ್ಯಾರ್ಥಿಯಾಗಬೇಕು, ಇಲ್ಲವೆ ಹೊರಡಬೇಕು. 2012ರಲ್ಲಿ ಸಕ್ರಮ ಸ್ಥಾನವಿದ್ದವರಿಗೆ ಡಾಕಾದ ಆಶ್ರಯವೂ ದೊರೆಯಲಿಲ್ಲ. ನಿಯಮವನ್ನು ಪಾಲಿಸಿದುದೇ ಅವರಿಗೆ ಅಡ್ಡಿಯಾದದ್ದು ಈ ಚರಿತ್ರೆಯ ಒಂದು ವೈಪರೀತ್ಯ.

ಮೇಮಿ ಟೇಪ್‌ಳಿಂದ ಇಂದಿನವರೆಗಿನ ಈ ಇತಿಹಾಸವನ್ನು ಒಟ್ಟಿಗೆ ನೋಡಿದಾಗ ಒಂದು ಅಂಶ ಎದ್ದುಕಾಣುತ್ತದೆ. ಆಡಳಿತದ ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಿದೆ. ಸಂವಿಧಾನದ ಮಾತನ್ನು ನೆಮ್ಮಿ ನಿಂತದ್ದು, ಪ್ಲೈಲರ್ ತೀರ್ಪಿನಂತೆ, ದೀರ್ಘಕಾಲ ಬಾಳಿದೆ. ಆದರೆ ಆ ಮಾತನ್ನು ನ್ಯಾಯಾಲಯದವರೆಗೆ ಒಯ್ಯಲು ಪ್ರತಿ ಬಾರಿಯೂ ಯಾರಾದರೂ ಜೊತೆಗೆ ನಿಲ್ಲಬೇಕಾಯಿತು: ಒಮ್ಮೆ ಹೆತ್ತವರು, ಒಮ್ಮೆ ವಕೀಲರ ಸಂಸ್ಥೆ, ಒಮ್ಮೆ ವಿಶ್ವವಿದ್ಯಾಲಯವೇ. ವಲಸೆ ಬಂದ ವಿದ್ಯಾರ್ಥಿಯ ಹಕ್ಕುಗಳ ಚರಿತ್ರೆಯನ್ನು ಬರೆಯುವವರು ಶಾಸನಗಳ ಜೊತೆಗೆ ಈ ಜೊತೆನಿಂತವರ ಕೆಲಸವನ್ನೂ ದಾಖಲಿಸುವುದು ಅಗತ್ಯವಾಗಿದೆ.