ಕರೆಂಟು ಹೋದ ಮನೆಯ ಚರಿತ್ರೆ

ಕರೆಂಟು ಬಂದ ಚರಿತ್ರೆ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಕರೆಂಟು ಹೋದ ಚರಿತ್ರೆಯನ್ನು ಮಾತ್ರ ಯಾರೂ ಬರೆದಂತೆ ಕಾಣೆ. ಬರೆಯುವುದಾದರೆ ಅದನ್ನು ಅಡುಗೆಮನೆಯಿಂದಲೇ ಶುರು ಮಾಡಬೇಕು. ಕತ್ತಲಾದ ಕೂಡಲೇ ಎಲ್ಲ ಮನೆಗಳಲ್ಲೂ ಏಳುವ ಕೂಗು ಒಂದೇ: "ಅಮ್ಮಾ, ಟಾರ್ಚ್ ಎಲ್ಲಿ?" ಅಪ್ಪನನ್ನು ಹಾಗೆ ಕೇಳಿದ ಮಕ್ಕಳನ್ನು ನಾನಿನ್ನೂ ಕಂಡಿಲ್ಲ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಆ ಯೋಜನೆಯ ಫಲವನ್ನು ನೋಡಲು ಅವರೇ ಉಳಿದಿರಲಿಲ್ಲ. ಹಿಂದಿನ ವರ್ಷ ತೀರಿಕೊಂಡಿದ್ದರು. ಆ ವಿದ್ಯುತ್ತು ಹೊರಟದ್ದು ಯಾರ ಮನೆಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಮೊದಲು ಗಣಿ, ಆಮೇಲೆ ಪೇಟೆ ಬೀದಿ, ಅರಮನೆ, ಕಛೇರಿ. ಅಡುಗೆಮನೆಯ ಸರದಿ ಕಟ್ಟಕಡೆಯದು. ಒಂದು ಅಂಕದ ಪ್ರಶ್ನೆಗೆ ಇಷ್ಟು ವಿವರ ಬೇಡ. ಆದರೆ ನಾವು ಹೆಂಗಸರು ನೆನಪಿಟ್ಟುಕೊಳ್ಳಬೇಕಾದದ್ದು ಈ ಸರದಿಯನ್ನೇ.

ನಮ್ಮ ಮಲೆನಾಡಿನ ಕಥೆ ಇನ್ನೂ ವಿಚಿತ್ರ. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಗದ್ದೆ, ತೋಟ, ಮನೆಗಳು ಮುಳುಗಿದವು. ಆ ನೀರಿನಿಂದ ರಾಜ್ಯಕ್ಕೆಲ್ಲ ಬೆಳಕಾಯಿತು. ಮನೆ ಬಿಟ್ಟು ಎದ್ದುಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿ ಹೊಸ ಜಾಗದಲ್ಲಿ ಬಹುಕಾಲ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಉಂಡರು. ಸಾಗರದ ಕಡೆಯ ನನ್ನ ಅಜ್ಜಿಮನೆ ಮುಳುಗಲಿಲ್ಲ, ಆದರೂ ಅಲ್ಲಿಗೆ ಕರೆಂಟು ಬಂದದ್ದು ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಗ. ಜಗಲಿಗೊಂದು, ನಡುಮನೆಗೊಂದು ಬಲ್ಬು. ಅಡುಗೆಮನೆಗೆ ಎಂದು ಅಜ್ಜಿ ಕೇಳಿದ್ದಕ್ಕೆ "ನಡುಮನೆಯ ಬೆಳಕೇ ಅಲ್ಲಿಗೂ ಬೀಳುತ್ತಲ್ಲ" ಎಂಬ ಉತ್ತರ ಬಂದಿತ್ತು. 1979ರ ಸುಮಾರಿಗೆ ಸರ್ಕಾರ ಬಡವರ ಗುಡಿಸಲುಗಳಿಗೆ ಭಾಗ್ಯಜ್ಯೋತಿ ಕೊಟ್ಟಾಗಲೂ ಅದು ಒಂದೇ ಬಲ್ಬಿನ ಭಾಗ್ಯ.

ಈ ಒಂದೆರಡು ಬಲ್ಬಿನ ಕಾಲದ್ದೊಂದು ಗುಣವಿತ್ತು. ಕರೆಂಟು ಹೋದರೆ ಹೋಗುತ್ತಿದ್ದದ್ದು ಬೆಳಕು ಮಾತ್ರ. ನೀರು ಬಾವಿಯಲ್ಲಿತ್ತು, ಸೌದೆ ಕೊಟ್ಟಿಗೆಯಲ್ಲಿತ್ತು, ಒರಳುಕಲ್ಲು ಹಿತ್ತಿಲ ಕಡೆ ಕುಳಿತಿತ್ತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬರಲು ವಾರ ಹಿಡಿದರೂ ಅಜ್ಜಿಯ ದಿನಚರಿಯಲ್ಲಿ ಗುಲಗಂಜಿಯಷ್ಟು ವ್ಯತ್ಯಾಸವಾಗುತ್ತಿರಲಿಲ್ಲ. ಸಂಜೆ ನಾಲ್ಕಕ್ಕೇ ಲಾಟೀನಿನ ಗಾಜನ್ನು ಒಲೆಯ ಬೂದಿಯಲ್ಲಿ ಉಜ್ಜಿ, ಬತ್ತಿ ಕತ್ತರಿಸಿ, ಎಣ್ಣೆ ನೋಡಿ ಇಡುವುದು ಕರೆಂಟು ಇದ್ದರೂ ನಿಲ್ಲಲಿಲ್ಲ. "ಇದೇನಜ್ಜಿ, ಲೈಟಿದೆಯಲ್ಲ" ಎಂದರೆ, "ಇದ್ದಾಗ ಇರಲಿ ಮಗೂ, ಇಲ್ಲದಾಗ ಇದಿರಲಿ" ಎನ್ನುತ್ತಿದ್ದರು.

ಮೃಗಶಿರ ಮಳೆ ಹುಟ್ಟುವುದರೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಅಟ್ಟ ತುಂಬಿರಬೇಕು. ಹಲಸಿನ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಅಪ್ಪೆಮಿಡಿ ಉಪ್ಪಿನಕಾಯಿ, ಒಣಸೌದೆ, ಬೆಂಕಿಪೊಟ್ಟಣ, ಕಷಾಯದ ಪುಡಿ. ಅದನ್ನು ಯಾರೂ 'ತುರ್ತು ಸಿದ್ಧತೆ' ಎಂದು ಕರೆಯಲಿಲ್ಲ. ಅದರ ಹೆಸರು 'ಮಳೆಗಾಲದ ಕೆಲಸ'. ಅದು ಹೆಂಗಸರ ಕೆಲಸವಾದ್ದರಿಂದ ಲೆಕ್ಕಕ್ಕೂ ಬರಲಿಲ್ಲ, ಪುಸ್ತಕಕ್ಕೂ ಬರಲಿಲ್ಲ.

ಆಮೇಲೆ ಬಂದದ್ದು ಲೋಡ್ ಶೆಡ್ಡಿಂಗ್ ಕಾಲ. ಕರ್ನಾಟಕ ಹೆಚ್ಚುಕಡಿಮೆ ನೀರಿನ ವಿದ್ಯುತ್ತನ್ನೇ ನಂಬಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷ ಜಲಾಶಯ ತಳ ಕಾಣುತ್ತಿತ್ತು, ಮನೆಗಳು ಕತ್ತಲಾಗುತ್ತಿದ್ದವು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅನಂತರವೂ ಕಡಿತ ನಿಲ್ಲಲಿಲ್ಲ, ಏಕೆಂದರೆ ಬೇಡಿಕೆ ಉತ್ಪಾದನೆಗಿಂತ ಮುಂದೆ ಓಡುತ್ತಿತ್ತು. ಪತ್ರಿಕೆಯಲ್ಲಿ ಬಂದ ಕಡಿತದ ವೇಳಾಪಟ್ಟಿಯನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿ, ಇಡ್ಲಿಗೆ ರುಬ್ಬುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಂಡವರು ನಿಮ್ಮಲ್ಲೂ ಬಹಳ ಮಂದಿ ಇರಬೇಕು. ಮನೆಯ ಹೆಣ್ಣಿನ ದಿನಚರಿಯನ್ನು ಮೊದಲು ಸೂರ್ಯ ನಡೆಸುತ್ತಿದ್ದ, ಆಮೇಲೆ ವೇಳಾಪಟ್ಟಿ ನಡೆಸಿತು.

ಆ ಗಡಿಬಿಡಿಯಲ್ಲೇ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆದುಹೋಯಿತು. ಬಾವಿಗೆ ಚಪ್ಪಡಿ ಮುಚ್ಚಿ ಮೋಟಾರು ಬಂತು. ಬೀದಿಯ ಕೈಪಂಪು ಹೋಗಿ ಕೊಳವೆಬಾವಿಗೆ ವಿದ್ಯುತ್ ಪಂಪು ಬಂತು. ಒರಳುಕಲ್ಲು ಹಿತ್ತಿಲ ಹೂಕುಂಡಕ್ಕೆ ಆಸರೆಯಾಯಿತು. ಗ್ಯಾಸು ಬಂದ ಮನೆಗಳಲ್ಲಿ ಪಡಿತರದ ಸೀಮೆಎಣ್ಣೆ ನಿಂತಿತು. ಹಳೆಯ ಟೆಲಿಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ಅದರ ತಂತಿಯಲ್ಲೇ ಬರುತ್ತಿದ್ದುದರಿಂದ ಮನೆ ಕತ್ತಲಾದರೂ ಅದು ಟ್ರಿಣ್ ಎನ್ನುತ್ತಿತ್ತು. ಕೈಯಲ್ಲಿರುವ ಮೊಬೈಲು ಹಾಗಲ್ಲ. ಅದರ ಜೀವವೂ ಬ್ಯಾಟರಿಯಲ್ಲಿ, ಅದಕ್ಕೆ ಸಿಗ್ನಲ್ ಕೊಡುವ ಗೋಪುರದ ಜೀವವೂ ಬ್ಯಾಟರಿ ಅಥವಾ ಡೀಸೆಲ್ಲಿನಲ್ಲಿ. ಈಗ ಹಣವೂ ಅದರೊಳಗೇ ಹೊಕ್ಕಿದೆ. ಅಜ್ಜಿಯ ಕಾಲದಲ್ಲಿ ಒಂದು ತಂತಿಗೆ ತೂಗುಹಾಕಿದ್ದು ಎರಡು ಬಲ್ಬು. ನಾವು ಅದೇ ತಂತಿಗೆ ನೀರು, ಅನ್ನ, ಔಷಧಿ, ಮಾತು, ದುಡ್ಡು ಎಲ್ಲವನ್ನೂ ತೂಗುಹಾಕಿದ್ದೇವೆ.

ತಂತಿಯೂ ಉದ್ದವಾಗುತ್ತ ಹೋಗಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಎರಡನೆಯ ದಿನ ಅದು ಪೂರ್ವ, ಈಶಾನ್ಯ ಭಾಗಗಳಿಗೂ ಹಬ್ಬಿ, 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ರೈಲುಗಳು ನಿಂತಲ್ಲೇ ನಿಂತವು, ಗಣಿ ಕಾರ್ಮಿಕರು ನೆಲದಡಿ ಸಿಕ್ಕಿಕೊಂಡರು. ದಕ್ಷಿಣದ ಜಾಲ ಆಗ ಅದರೊಡನೆ ಒಂದಾಗಿ ಬೆಸೆದಿರಲಿಲ್ಲವಾದ್ದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ನಮ್ಮದೂ ಸೇರಿ ದೇಶಕ್ಕೆಲ್ಲ ಒಂದೇ ಜಾಲವಾಯಿತು. ಇದರಿಂದ ಒಳ್ಳೆಯದೇ ಆಗಿದೆ, ಇಲ್ಲಿ ಕೊರತೆಯಾದಾಗ ದೂರದಿಂದ ತರಿಸಿಕೊಳ್ಳಬಹುದು. ಕೂಡುಕುಟುಂಬವಿದ್ದಂತೆ: ಕಷ್ಟಕ್ಕೆ ಒದಗುವವರೂ ಹೆಚ್ಚು, ಒಬ್ಬರ ಜ್ವರ ಎಲ್ಲರಿಗೂ ತಗಲುವ ಭಯವೂ ಹೆಚ್ಚು.

ಈ ಅವಲಂಬನೆ ಎಷ್ಟರದೆಂದು ನಮ್ಮ ಬೀದಿಗೆ ತಿಳಿದದ್ದು 2019ರ ಆಗಸ್ಟಿನಲ್ಲಿ. ಆಶ್ಲೇಷ ಮಳೆ. ತುಂಗೆ ತುಂಬಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತು. ನಮ್ಮ ಬೀದಿ ಎತ್ತರದಲ್ಲಿದ್ದುದರಿಂದ ನೀರು ಬರಲಿಲ್ಲ, ಆದರೆ ಮೂರು ದಿನ ಕರೆಂಟೂ ಬರಲಿಲ್ಲ. ಮೊದಲ ದಿನ ಎಲ್ಲರ ಮನೆಯಲ್ಲೂ ಮೇಣದ ಬತ್ತಿ ಇತ್ತು, ಹುರುಪೂ ಇತ್ತು. ಎರಡನೆಯ ದಿನ ಬೆಳಿಗ್ಗೆ ತೊಟ್ಟಿಗಳು ಬರಿದಾದವು. ಸುತ್ತಲೂ ಸುರಿಯುವ ನೀರು, ನಲ್ಲಿಯಲ್ಲಿ ಒಂದು ಹನಿ ಇಲ್ಲ.

ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಸೊಸೆಯೊಂದಿಗಿದ್ದರು. ಮಗ ಬೆಂಗಳೂರಿನಲ್ಲಿ, ಫೋನು ಸತ್ತಿತ್ತು. ಸೊಸೆ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಎರಡನೆಯ ಸಂಜೆ ಅವಳು ಓಡಿಬಂದು, "ಟೀಚರ್, ಅತ್ತೆಗೆ ತಲೆ ಸುತ್ತಿ ಬಿದ್ದಿದ್ದಾರೆ" ಎಂದಳು. ಹೋಗಿ ನೋಡಿದರೆ ತುಟಿ ಒಣಗಿದೆ, ಮಾತು ತೊದಲುತ್ತಿದೆ. ನಮ್ಮ ಬೀದಿಯ ನಿವೃತ್ತ ನರ್ಸ್ ಒಬ್ಬರು ಬಂದು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚ ಚಮಚವಾಗಿ ಕುಡಿಸುತ್ತ ಕೂತರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅಜ್ಜಿ ಹೇಳಿದ ಮಾತನ್ನು ನಾನು ಮರೆತಿಲ್ಲ. "ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಲ್ಲಮ್ಮ. ಹೋದರೆ ಈ ಹುಡುಗಿ ಇನ್ನೊಂದು ಬಕೆಟ್ ಹೊರಬೇಕು. ಅದಕ್ಕೇ ನಿನ್ನೆಯಿಂದ ಕುಡಿಯೋದೇ ಬಿಟ್ಟೆ." ಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನು ಅರ್ಧ ತುಂಬಿಯೇ ಇತ್ತು. ಆ ರಾತ್ರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿ ನಮ್ಮ ಮನೆಗೆ ಕರೆತಂದೆವು.

ಬೀದಿಯನ್ನು ಕಾಪಾಡಿದ್ದು ಮೂಲೆಮನೆಯ ಹಳೆಯ ಬಾವಿ. ಅದನ್ನು ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡೋಣವೆಂದು ಮಕ್ಕಳು ವರ್ಷಗಳಿಂದ ಹೇಳುತ್ತಿದ್ದರೂ ಆ ಮನೆಯಾಕೆ ರಾಟೆಯನ್ನೂ ಹಗ್ಗವನ್ನೂ ಬಿಟ್ಟುಕೊಟ್ಟಿರಲಿಲ್ಲ. ಮಳೆಯಲ್ಲೇ ಕೊಡೆ ಹಿಡಿದು ಸಾಲು ನಿಂತೆವು. ಎಂಜಿನಿಯರಿಂಗ್ ಓದಿದ ಹುಡುಗಿಯರಿಗೆ ಕೊಡಪಾನವನ್ನು ಬಾವಿಯಲ್ಲಿ ಮುಳುಗಿಸುವ ಉಪಾಯ ಗೊತ್ತಿರಲಿಲ್ಲ. ಹಗ್ಗವನ್ನು ಹೇಗೆ ಕುಲುಕಿದರೆ ಕೊಡ ವಾಲಿ ನೀರು ತುಂಬಿಕೊಳ್ಳುತ್ತದೆ ಎಂದು ಅರವತ್ತು ದಾಟಿದವರು ತೋರಿಸಿಕೊಟ್ಟರು. ಕುಡಿಯುವುದಕ್ಕೆ ಮಾತ್ರ ಚೆನ್ನಾಗಿ ಕುದಿಸಿಯೇ ಬಳಸಿದೆವು. ನೆರೆಯ ದಿನಗಳಲ್ಲಿ ಯಾವ ಬಾವಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಅಂದಿನಿಂದ ನನ್ನ ತಿಳುವಳಿಕೆ ಇಷ್ಟು: ಕರೆಂಟಿಲ್ಲದ ದಿನಕ್ಕೆ ತಯಾರಿ ಎಂದರೆ ಎಲ್ಲರೂ ದೀಪ ಹುಡುಕುತ್ತಾರೆ, ಹುಡುಕಬೇಕಾದದ್ದು ನೀರು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಎಂದುಕೊಂಡರೂ ನಾಲ್ವರ ಮನೆಗೆ ಮೂರು ದಿನಕ್ಕೆ 60 ಲೀಟರ್ ಬೇಕು. ಬಚ್ಚಲಿನದು ಬೇರೆ. ಮಳೆ ಹಿಡಿಯುವ ಸೂಚನೆ ಕಂಡ ದಿನವೇ ಹಂಡೆ, ಕೊಡ, ಬಕೆಟ್ ತುಂಬಿಸಿ ಮುಚ್ಚಿಡುತ್ತೇನೆ. ಮಹಡಿಯ ಮೇಲಿನ ವೃದ್ಧರು ಯಾರ ಮನೆಗೆ ಇಳಿದುಬರಬೇಕು ಎಂಬುದನ್ನು ಬೀದಿಯವರು ಮಳೆಗೆ ಮೊದಲೇ ಮಾತಾಡಿಕೊಳ್ಳುತ್ತೇವೆ.

ಉಳಿದದ್ದು ಸಣ್ಣ ಸಣ್ಣ ಸಂಗತಿ. ಬೇಕಾದ ಫೋನ್ ನಂಬರುಗಳು ಮೊಬೈಲಿನಲ್ಲಿ ಮಾತ್ರವಲ್ಲದೆ ಕ್ಯಾಲೆಂಡರಿನ ಹಿಂದೆಯೂ ಇರಲಿ. ವಿದ್ಯುತ್ ದೂರಿಗೆ 1912, ತುರ್ತಿಗೆ 112. ಚಿಲ್ಲರೆ ನೋಟು ಸ್ವಲ್ಪ ಡಬ್ಬಿಯಲ್ಲಿರಲಿ. ಸೆಲ್ ಹಾಕುವ ರೇಡಿಯೊ ಒಂದಿದ್ದರೆ ಊರ ಸುದ್ದಿ ಗಾಳಿಮಾತಾಗುವುದು ತಪ್ಪುತ್ತದೆ. ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ನಾಲ್ಕು ಗಂಟೆಯವರೆಗೆ ತಂಪು ಉಳಿಯುತ್ತದೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಫ್ರಿಜ್ ನಿಂತಾಗ ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮನೆಗೆ ನೀರು ನುಗ್ಗುವ ಮೊದಲೇ ಮೇನ್ ಸ್ವಿಚ್ ಆರಿಸಿ. ಬಿದ್ದ ತಂತಿಯ ಹತ್ತಿರ ಮಕ್ಕಳನ್ನಾಗಲಿ ದನವನ್ನಾಗಲಿ ಬಿಡಬೇಡಿ. ಚಳಿಯೆಂದು ಕೋಣೆಯ ಬಾಗಿಲು ಹಾಕಿಕೊಂಡು ಇದ್ದಿಲ ಕೆಂಡ ಇಟ್ಟುಕೊಳ್ಳಲೇಬೇಡಿ, ಜನರೇಟರನ್ನೂ ಒಳಗೆ ನಡೆಸಬೇಡಿ. ಅವುಗಳಿಂದ ಬರುವ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ.

ನಮ್ಮ ಶಾಲೆಯ ಮಕ್ಕಳಿಗೆ ನಾನೊಂದು ಮನೆಪಾಠ ಕೊಡುತ್ತೇನೆ: ಕರೆಂಟು ಬರುವ ಮೊದಲು ನಿಮ್ಮ ಮನೆಯಲ್ಲಿ ಸಂಜೆ ಯಾರು ಏನು ಮಾಡುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ ಬರೆದು ತನ್ನಿ. ಬರುವ ಉತ್ತರಗಳಲ್ಲಿ ಗಾಜು ಉಜ್ಜಿದವರು, ನೀರು ಸೇದಿದವರು, ಬೆಂಕಿ ಕಾಯ್ದವರು ಎಲ್ಲ ಹೆಂಗಸರೇ. ಆ ಅಜ್ಜಿಯರು ತೀರಿಕೊಂಡರೆ ತಿಳುವಳಿಕೆಯೂ ಅವರೊಡನೆ ಹೋಗುತ್ತದೆ. ಈಗಲಾದರೂ ಅದು ಒಬ್ಬಳ ತಲೆಯಲ್ಲಿ ಉಳಿಯಬಾರದು. ಗಂಡಸರು, ಗಂಡುಮಕ್ಕಳು ಎಲ್ಲರೂ ಕಲಿಯಬೇಕು. ಹುಡುಗರೂ ಒಂದು ದಿನ ಗಾಜು ಉಜ್ಜಲಿ, ಹಗ್ಗ ಸೆಳೆಯಲಿ. ಬಾಯಾರಿದಾಗ ಬಾವಿ ತೋಡಲು ಹೋಗಬಾರದು ಎಂಬ ಮಾತನ್ನು ನಾವು ಗಾದೆಯೆಂದು ಬಾಯಿಪಾಠ ಮಾಡಿಸುತ್ತೇವೆ. ಇದ್ದ ಬಾವಿಯನ್ನು ಮುಚ್ಚಬಾರದು ಎಂಬುದನ್ನೂ ಸೇರಿಸಿ ಹೇಳಬೇಕು.

ಮೂಲೆಮನೆಯ ಬಾವಿಯ ಹೂಳನ್ನು ಬೀದಿಯವರೆಲ್ಲ ಹಣ ಹಾಕಿ ತೆಗೆಸಿದ್ದೇವೆ. ಹೊಸ ಹಗ್ಗ ಬಂದಿದೆ, ರಾಟೆಗೆ ಎಣ್ಣೆ ಬಿದ್ದಿದೆ. ಕಾರು ರಸ್ತೆಯಲ್ಲೇ ನಿಲ್ಲುತ್ತದೆ.