ಕಿತ್ತೂರು ಸಮರದ ಬಂದೂಕು: ರಣರಂಗದಿಂದ ಬೆಳ್ಳಿತೆರೆಗೆ

ಬೆಳಗಾವಿ ಜಿಲ್ಲೆಯ ಹಿಂದಿನ ಸಂಪಗಾಂವ ತಾಲ್ಲೂಕು ಹಾಗೂ ಅದರ ನೆರೆಯ ಸವದತ್ತಿ, ರಾಮದುರ್ಗಗಳ ಸೀಮೆಗೆ ಕರ್ನಾಟಕದ ವಸಾಹತುವಿರೋಧಿ ಹೋರಾಟದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವಿದೆ. 1824ರ ಕಿತ್ತೂರು ಸಮರ, 1829–30ರ ಸಂಗೊಳ್ಳಿ ರಾಯಣ್ಣನ ಬಂಡಾಯ ಹಾಗೂ 1858ರಲ್ಲಿ ಸುರೇಬಾನದಲ್ಲಿ ನಡೆದ ಮ್ಯಾನ್ಸನ್‌ನ ವಧೆ ಈ ನೆಲದ ಮೂರು ಮುಖ್ಯ ಘಟನೆಗಳು. ಇವುಗಳ ರಾಜಕೀಯ ಹಿನ್ನೆಲೆ, ದತ್ತಕದ ಪ್ರಶ್ನೆ, ಇನಾಮು ಭೂಮಿಯ ಸಮಸ್ಯೆಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಈ ಹೋರಾಟಗಳಲ್ಲಿ ಬಳಕೆಯಾದ ಬಂದೂಕು–ಫಿರಂಗಿಗಳು ಮುಂದೆ ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಪರಿಕರಗಳಾಗಿ ಮರುಹುಟ್ಟು ಪಡೆದ ಬಗೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಂದಿನ ಬಹುಸಂಖ್ಯಾತ ಕನ್ನಡಿಗರು ಕಿತ್ತೂರಿನ ಇತಿಹಾಸವನ್ನು ಮೊದಲು ಕಾಣುವುದು ತೆರೆಯ ಮೇಲೆ. ಆದುದರಿಂದ ಅಲ್ಲಿ ಕಾಣುವ ಆಯುಧ ಎಂಥದು ಎಂಬ ಪ್ರಶ್ನೆ ಇತಿಹಾಸಲೇಖನಕ್ಕೂ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ಖಡ್ಗದ ಪ್ರತಿಮೆ, ಬಂದೂಕಿನ ಕಥೆ

ರಾಣಿ ಚೆನ್ನಮ್ಮನ ಹೆಸರು ಕೇಳಿದೊಡನೆ ಮನಸ್ಸಿನಲ್ಲಿ ಮೂಡುವುದು ಕುದುರೆಯೇರಿ ಖಡ್ಗ ಹಿಡಿದ ವೀರರಾಣಿಯ ಚಿತ್ರ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಪ್ರತಿಮೆಯಿಂದ ಹಿಡಿದು ಶಾಲೆಯ ಪುಸ್ತಕದ ಚಿತ್ರಗಳವರೆಗೆ ಇದೇ ರೂಪ ನೆಲೆಗೊಂಡಿದೆ. ಆದರೆ ಜನಪದರ ನೆನಪು ಬೇರೊಂದು ಸಂಗತಿಯನ್ನು ಉಳಿಸಿಕೊಂಡು ಬಂದಿದೆ. ಅವರ ಕಥನದಲ್ಲಿ ಕಿತ್ತೂರಿನ ಗೆಲುವು ನಿರ್ಧಾರವಾಗುವುದು ಒಂದು ಗುಂಡಿನಿಂದ. ಸೋಲು ನಿರ್ಧಾರವಾಗುವುದು ಕೆಟ್ಟುಹೋದ ಮದ್ದಿನಿಂದ. ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯನ್ನು ಹೊಡೆದುರುಳಿಸಿದ ಗುಂಡು ಅಮಟೂರ ಬಾಳಪ್ಪನದೆಂಬುದು ಪರಂಪರೆಯ ನಂಬಿಕೆ. ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯರು ಮದ್ದಿನಲ್ಲಿ ಸಗಣಿ ಮಣ್ಣು ಬೆರೆಸಿದ್ದರಿಂದ ಕೋಟೆಯ ತೋಪುಗಳು ಸಿಡಿಯಲಿಲ್ಲವೆಂಬುದೂ ಅದೇ ಪರಂಪರೆಯ ಮಾತು. ಈ ಎರಡು ಕಥನಗಳ ಐತಿಹಾಸಿಕ ಸತ್ಯಾಸತ್ಯತೆ ಏನೇ ಇರಲಿ, ಸಮರದ ತಿರುವುಗಳನ್ನು ಜನರು ಬಂದೂಕು ಮತ್ತು ಮದ್ದಿನ ಭಾಷೆಯಲ್ಲಿಯೇ ಅರ್ಥಮಾಡಿಕೊಂಡಿದ್ದರೆಂಬುದು ಗಮನಾರ್ಹ.

1824ರ ಆಯುಧಗಳು

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡ ಮೇಲೆ ಕಂಪನಿ ಸರ್ಕಾರವು ದತ್ತಕವನ್ನು ಮಾನ್ಯಮಾಡಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆಯು ಕೋಟೆಯ ಬಾಗಿಲನ್ನು ಒಡೆಯಲು ಫಿರಂಗಿಗಳನ್ನು ತಂದು ನಿಲ್ಲಿಸಿದನು. ಬಾಗಿಲು ಒಮ್ಮೆಲೇ ತೆರೆದುಕೊಂಡು ಕಿತ್ತೂರಿನ ಪಡೆ ಹೊರಗೆ ನುಗ್ಗಿತು. ಥ್ಯಾಕರೆಯೊಡನೆ ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ಅಧಿಕಾರಿಗಳು ಹತರಾದರು. ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು. ಈ ಎಲಿಯಟ್‌ನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ಹೆಸರಾದ ವಾಲ್ಟರ್ ಎಲಿಯಟ್.

ಅಂದಿನ ಕಂಪನಿ ಸೈನ್ಯದ ಸಾಮಾನ್ಯ ಆಯುಧ ಚಕಮಕಿ ಬಂದೂಕು. ಇದರ ನಳಿಕೆ ಒಳಗೆ ನುಣುಪಾಗಿದ್ದು ಸುಮಾರು 19 ಮಿಲಿಮೀಟರ್ ಬಾಯಿಯುಳ್ಳದ್ದು. ತೂಕ ನಾಲ್ಕು ಕಿಲೋಗಿಂತ ಹೆಚ್ಚು. ಕುದುರೆಯನ್ನು ಎಳೆದಾಗ ಚಕಮಕಿ ಕಲ್ಲು ಉಕ್ಕಿನ ಪಟ್ಟಿಗೆ ಬಡಿದು ಕಿಡಿ ಹಾರುತ್ತದೆ. ಕಿಡಿಯಿಂದ ಮೊದಲು ಹೊರಗಿನ ಬಟ್ಟಲಿನ ಮದ್ದು ಹೊತ್ತಿಕೊಂಡು, ಬಳಿಕ ಸಣ್ಣ ರಂಧ್ರದ ಮೂಲಕ ನಳಿಕೆಯೊಳಗಿನ ಮದ್ದು ಸಿಡಿಯುತ್ತದೆ. ಹೀಗಾಗಿ ಒಂದು ಹೊಡೆತಕ್ಕೆ ಎರಡು ಕಡೆ ಹೊಗೆ, ನಡುವೆ ಕ್ಷಣಾರ್ಧದ ಅಂತರ. ಚೆನ್ನಾಗಿ ಪಳಗಿದ ಸಿಪಾಯಿ ಮಿನಿಟಿಗೆ ಎರಡು ಮೂರು ಸಲ ಹೊಡೆಯಬಲ್ಲವನಾಗಿದ್ದನು; ನೂರು ಗಜಗಳಾಚೆ ಗುರಿಯ ಭರವಸೆ ಇರಲಿಲ್ಲ. ಇದಕ್ಕಿಂತ ಹಳೆಯದಾದ, ಉರಿಯುವ ಬತ್ತಿಯಿಂದ ಹೊತ್ತಿಸುವ ತೋಡೇದಾರ ಬಂದೂಕು ದೇಶೀಯ ಸಂಸ್ಥಾನಗಳ ಪಡೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿತ್ತು. ಪೆಟ್ಲುಪ್ಪು, ಇದ್ದಿಲು, ಗಂಧಕಗಳನ್ನು ಬೆರೆಸಿದ ಕರಿಮದ್ದೇ ಎರಡಕ್ಕೂ ಆಧಾರ. ಅದರಲ್ಲಿ ಪೆಟ್ಲುಪ್ಪು ಸುಮಾರು ಮುಕ್ಕಾಲು ಪಾಲು. ತೇವ ತಾಗಿದರೆ ಅಥವಾ ಅನ್ಯವಸ್ತು ಬೆರೆತರೆ ಈ ಮದ್ದು ನಿಷ್ಪ್ರಯೋಜಕವಾಗುತ್ತದೆ.

ಈ ತಾಂತ್ರಿಕ ವಿವರಗಳನ್ನು ಬಿಟ್ಟು ಸಮರದ ಗತಿಯನ್ನು ಅರಿಯುವುದು ಕಷ್ಟ. ಇಪ್ಪತ್ತು ಸೆಕೆಂಡಿಗೊಮ್ಮೆ ಸಿಡಿಯುವ ಬಂದೂಕಿನ ಎದುರು ನೂರು ಗಜ ಓಡಿಬರುವ ಜನಸಮೂಹಕ್ಕೆ ಅವಕಾಶವಿದ್ದೇ ಇರುತ್ತದೆ. ಅದು ಮೈಮೇಲೆ ಬಿದ್ದ ಬಳಿಕ ಫಿರಂಗಿಗೂ ಕೆಲಸವಿಲ್ಲ. ಖಡ್ಗ, ಭರ್ಚಿಗಳದೇ ಮೇಲುಗೈ. ಅಕ್ಟೋಬರಿನ ಗೆಲುವಿಗೆ ಶೌರ್ಯದಷ್ಟೇ ಈ ಅಂತರದ ಲೆಕ್ಕವೂ ಕಾರಣವೆನ್ನಬೇಕು. ಡಿಸೆಂಬರಿನಲ್ಲಿ ಕರ್ನಲ್ ಡೀಕನ್‌ನ ನೇತೃತ್ವದ ದೊಡ್ಡ ಸೈನ್ಯ ಬಂದಾಗ ಪರಿಸ್ಥಿತಿ ತಿರುಗಿತು. ಈ ಸಲ ಕಂಪನಿಯ ಫಿರಂಗಿಗಳು ದೂರದಿಂದಲೇ ಗೋಡೆಯನ್ನು ಒಡೆಯತೊಡಗಿದವು. ನುಗ್ಗಿ ಹೊಡೆಯುವ ಅಂತರ ಕಿತ್ತೂರಿನವರಿಗೆ ದೊರೆಯಲಿಲ್ಲ. ಡಿಸೆಂಬರ್ 5ರಂದು ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಅನಂತರ ಬಂಡೆದ್ದ ರಾಯಣ್ಣ ಎದುರೆದುರು ಕಾಳಗವನ್ನು ಬಿಟ್ಟು ಗೆರಿಲ್ಲಾ ಕ್ರಮವನ್ನು ಹಿಡಿದು, ಸಂಪಗಾಂವದ ಕಚೇರಿಯನ್ನು ಸುಟ್ಟದ್ದರ ಹಿಂದೆಯೂ ಫಿರಂಗಿಯ ಮುಂದೆ ನಿಲ್ಲಬಾರದೆಂಬ ಪಾಠವನ್ನು ಕಾಣಬಹುದು. ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಬಂದೂಕು ಕೈಬಿಟ್ಟ ಸೀಮೆ

1857ರ ದಂಗೆಯ ಕಾಲದಲ್ಲಿ ಬಂದ ಶಸ್ತ್ರ ಕಾನೂನು ಈ ಭಾಗದ ಬದುಕಿನಲ್ಲಿ ಇನ್ನೊಂದು ತಿರುವು. ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂಬ ಆಜ್ಞೆಯನ್ನು ಮುಧೋಳ ಸಮೀಪದ ಹಲಗಲಿಯ ಬೇಡರು ಧಿಕ್ಕರಿಸಿ 1857ರ ನವೆಂಬರಿನಲ್ಲಿ ಕಂಪನಿ ಸೈನ್ಯದ ದಾಳಿಗೆ ತುತ್ತಾದರು. ತೋಪು, ಮದ್ದುಗಳನ್ನು ಒಪ್ಪಿಸಬೇಕೆಂಬ ಒತ್ತಡ ನರಗುಂದದ ಬಾಬಾಸಾಹೇಬನ ಅಸಮಾಧಾನಕ್ಕೂ ಒಂದು ಕಾರಣವಾಗಿತ್ತು. 1858ರ ಮೇ 29ರಂದು ರಾಮದುರ್ಗದ ಬಳಿಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ರಾಯಣ್ಣನ ಮತ್ತು ಹಲಗಲಿಯ ಲಾವಣಿಗಳನ್ನು 1880ರ ದಶಕದಲ್ಲಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅಂದಿನ ಜನರ ಭಾವನೆಗಳು ಲಿಖಿತರೂಪದಲ್ಲಿ ಉಳಿದವು.

1878ರ ಶಸ್ತ್ರ ಕಾಯಿದೆಯು ಈ ನಿಶ್ಶಸ್ತ್ರೀಕರಣವನ್ನು ಶಾಶ್ವತಗೊಳಿಸಿತು. ಇದೇ ಕಾಲದಲ್ಲಿ ಕೊಡಗಿನವರಿಗೆ ಮಾತ್ರ 1861ರಿಂದಲೇ ವಿನಾಯಿತಿ ದೊರೆತಿತ್ತು. ಅದರ ಫಲವಾಗಿ ಕೊಡಗಿನಲ್ಲಿ ಕೋವಿ ಮನೆಯ ವಸ್ತುವಾಗಿ, ಕೈಲ್ ಮುಹೂರ್ತದ ಪೂಜಾವಸ್ತುವಾಗಿ ಇಂದಿಗೂ ಉಳಿದಿದೆ. ಕಿತ್ತೂರು ಸೀಮೆಯಲ್ಲಿ ಹಾಗಾಗಲಿಲ್ಲ. ಇಲ್ಲಿ ಬಂದೂಕು ಕ್ರಮೇಣ ಪೊಲೀಸರ, ಶ್ರೀಮಂತ ಬೇಟೆಗಾರರ ಕೈಯ ವಸ್ತುವಾಯಿತು. ಹೋರಾಟಗಾರನ ಬಂದೂಕು ಲಾವಣಿಯಲ್ಲಷ್ಟೇ ಉಳಿಯಿತು. ಪ್ರತಿಮೆಗಳಲ್ಲಿ ಖಡ್ಗವೇ ಪ್ರಧಾನವಾಗಲು ರಾಜಲಾಂಛನವೆಂಬ ಅದರ ಗೌರವದ ಜೊತೆಗೆ ಈ ನಿಶ್ಶಸ್ತ್ರೀಕರಣವೂ ಒಂದು ಕಾರಣವಾಗಿರಬಹುದೆಂದು ಊಹಿಸಲು ಅವಕಾಶವಿದೆ.

ಮರದ ಬಂದೂಕಿನಿಂದ ತೆರೆಯ ಬಂದೂಕಿಗೆ

ಲಾವಣಿಯಲ್ಲಿ ಮಾತಾಗಿದ್ದ ಬಂದೂಕಿಗೆ ಮತ್ತೆ ರೂಪ ಕೊಡಬೇಕಾದದ್ದು ನಾಟಕ ಮತ್ತು ಚಲನಚಿತ್ರ. ಈ ಸೀಮೆ ರಂಗಕಲೆಯ ತವರು. ಸಂಗ್ಯಾಬಾಳ್ಯಾ ಸಣ್ಣಾಟದ ಕಥೆ ಬೈಲಹೊಂಗಲದ್ದು. ವೃತ್ತಿರಂಗಭೂಮಿಯ ಹಿರಿಯ ಚೇತನ ಏಣಗಿ ಬಾಳಪ್ಪನವರು ಸವದತ್ತಿ ಭಾಗದ ಏಣಗಿಯವರು. ರಂಗದ ಮೇಲೆ ಬಂದೂಕಿನ ಸಮಸ್ಯೆ ಸುಲಭವಾಗಿ ಬಗೆಹರಿಯುತ್ತದೆ. ಬಡಗಿ ಕೆತ್ತಿದ ಮರದ ಬಂದೂಕು, ಪರದೆಯ ಹಿಂದೆ ಸಿಡಿಯುವ ಪಟಾಕಿ, ಎದೆ ಹಿಡಿದು ಬೀಳುವ ನಟ—ಇಷ್ಟಿದ್ದರೆ ಸಾಕು, ಪ್ರೇಕ್ಷಕ ಉಳಿದುದನ್ನು ತಾನೇ ಕಲ್ಪಿಸಿಕೊಳ್ಳುತ್ತಾನೆ. ಚಲನಚಿತ್ರದ ಕ್ಯಾಮೆರಾ ಈ ರಿಯಾಯಿತಿಯನ್ನು ಕೊಡುವುದಿಲ್ಲ. ಸಮೀಪದ ಚಿತ್ರಿಕೆಯಲ್ಲಿ ಕುದುರೆ, ಬಟ್ಟಲು, ನಳಿಕೆಯ ಬಾಯಿ ಎಲ್ಲವೂ ಆಳೆತ್ತರಕ್ಕೆ ಕಾಣುತ್ತವೆ.

ಕಿತ್ತೂರಿನ ಇತಿಹಾಸವನ್ನು ತೆರೆಗೆ ತಂದ ಪ್ರಮುಖ ಚಿತ್ರ ಬಿ. ಆರ್. ಪಂತುಲು ನಿರ್ದೇಶನದ ‘ಕಿತ್ತೂರು ಚೆನ್ನಮ್ಮ’ (1961). ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜ್‌ಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದ ಈ ಕಪ್ಪು–ಬಿಳುಪು ಚಿತ್ರ ತಲೆಮಾರುಗಳ ನೆನಪನ್ನು ರೂಪಿಸಿದೆ. ಅರ್ಧ ಶತಮಾನದ ಬಳಿಕ, 2012ರ ನವೆಂಬರ್ 1ರಂದು, ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ತೆರೆಕಂಡಿತು. ಇದರಲ್ಲಿ ದರ್ಶನ್ ರಾಯಣ್ಣನಾಗಿಯೂ ಜಯಪ್ರದಾ ಚೆನ್ನಮ್ಮನಾಗಿಯೂ ಕಾಣಿಸಿಕೊಂಡರು. ಇಂತಹ ಯುದ್ಧಚಿತ್ರಗಳಿಗೆ ಸಾಮಾನ್ಯವಾಗಿ ಮೂರು ಬಗೆಯ ಬಂದೂಕುಗಳು ಬೇಕಾಗುತ್ತವೆ: ಹಿಂದಿನ ಸಾಲಿನ ಸೈನಿಕರಿಗೆ ಮರ, ರಬ್ಬರು ಅಥವಾ ಫೈಬರಿನ ಹಗುರ ಮಾದರಿಗಳು, ಸಮೀಪದ ಚಿತ್ರಿಕೆಗೆ ಲೋಹದ ಭಾಗಗಳುಳ್ಳ ನಿಖರ ಪ್ರತಿಕೃತಿಗಳು, ಬೆಂಕಿ ಹೊಗೆ ತೋರಿಸಲು ಗುಂಡಿಲ್ಲದೆ ಬರಿಯ ಮದ್ದು ಸಿಡಿಸುವ ಆಯುಧಗಳು. ಈಚಿನ ವರ್ಷಗಳಲ್ಲಿ ಮೂರನೆಯದರ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರ್ ಗ್ರಾಫಿಕ್ಸ್ ವಹಿಸಿಕೊಂಡಿದೆ.

ಭವಿಷ್ಯದ ಆಯುಧ, ಹಳೆಯ ಬಂದೂಕು

ಕಾಣದ ಕಾಲದ ಆಯುಧವನ್ನು ಕಾಣುವಂತೆ ಮಾಡುವ ಈ ಸಮಸ್ಯೆ ಗತಕಾಲದ ಚಿತ್ರಕ್ಕಷ್ಟೇ ಸೇರಿದ್ದಲ್ಲ. ಭವಿಷ್ಯವನ್ನು ಕಲ್ಪಿಸುವ ವೈಜ್ಞಾನಿಕ ಸಾಹಸಚಿತ್ರಗಳೂ ಇದನ್ನೇ ಎದುರಿಸಿವೆ. ಅವು ಕಂಡುಕೊಂಡ ಉತ್ತರ ಕುತೂಹಲಕರವಾಗಿದೆ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕರು ಹಿಡಿದ ಕಿರಣಾಯುಧ ವಾಸ್ತವವಾಗಿ ಬ್ರಿಟಿಷ್ ಸ್ಟರ್ಲಿಂಗ್ ಬಂದೂಕು. ಅದರ ಮೇಲೆ ದೂರದರ್ಶಕವನ್ನೂ ಪಟ್ಟಿಗಳನ್ನೂ ಜೋಡಿಸಿದ್ದರಷ್ಟೆ. ಹ್ಯಾನ್ ಸೋಲೊ ಎಂಬ ಪಾತ್ರದ ಪಿಸ್ತೂಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಜರ್ಮನಿಯ ಮೌಸರ್. 1986ರ ‘ಏಲಿಯನ್ಸ್’ ಚಿತ್ರದ ಬಂದೂಕನ್ನು ಎರಡನೆಯ ಮಹಾಯುದ್ಧ ಕಾಲದ ಥಾಂಪ್ಸನ್ ಬಂದೂಕಿನ ಮೇಲೆ ಹೊಸ ಹೊದಿಕೆ ತೊಡಿಸಿ ಕಟ್ಟಲಾಯಿತು. ಸ್ಟರ್ಲಿಂಗ್ ಭಾರತೀಯರಿಗೆ ಅಪರಿಚಿತವಲ್ಲ. ಅದೇ ಬಂದೂಕು ಕಾನ್ಪುರದ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾಗಿ ‘ಕಾರ್ಬೈನ್’ ಎಂಬ ಹೆಸರಿನಲ್ಲಿ ಸೈನಿಕರ, ಪೊಲೀಸರ ಹೆಗಲೇರಿತ್ತು. ದೂರದ ನಕ್ಷತ್ರಲೋಕದ ಆಯುಧವೆಂದು ಪ್ರೇಕ್ಷಕ ಬೆರಗಾದದ್ದು ಊರಿನ ಬಂದೋಬಸ್ತಿನಲ್ಲಿ ಕಂಡ ಆಯುಧದ ಒಡಹುಟ್ಟಿದ್ದನ್ನೇ.

ಇದರ ಹಿಂದೆ ಒಂದು ತತ್ತ್ವವಿದೆ. ನಿಜವಾದ ಬಂದೂಕಿಗಿರುವ ತೂಕ ನಟನ ತೋಳಿನಲ್ಲಿ ಕಾಣುತ್ತದೆ. ಅದರ ಸಿಡಿತ ಅವನ ಭುಜದಲ್ಲಿ ಕಾಣುತ್ತದೆ. ಕಲ್ಪನೆಗೆ ಈ ಭಾರ ಸೇರಿದಾಗಲೇ ನಂಬಿಕೆ ಹುಟ್ಟುತ್ತದೆ. ಆದರೆ ಇಲ್ಲಿಯೇ ಎರಡು ಪ್ರಕಾರಗಳ ದಾರಿ ಬೇರೆಯಾಗುತ್ತದೆ. ವೈಜ್ಞಾನಿಕ ಕಲ್ಪನೆಯ ಚಿತ್ರ ಯಾವ ಕಾಲದ ಬಂದೂಕನ್ನಾದರೂ ಎತ್ತಿಕೊಂಡು ಯಾವ ಕಾಲಕ್ಕಾದರೂ ಒಯ್ಯಬಹುದು. ಅಲ್ಲಿ ಸುಳ್ಳಾಗುವ ಘಟನೆಯೇ ಇಲ್ಲ. ಕಿತ್ತೂರಿನ ಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. 1824ರ ಸಿಪಾಯಿಯ ಕೈಗೆ 1840ರ ಹೊತ್ತಿಗೆ ಬ್ರಿಟಿಷ್ ಸೈನ್ಯಕ್ಕೆ ಬಂದ ಕೇಪಿನ ಬಂದೂಕನ್ನೋ, ಇನ್ನೂ ತಡವಾಗಿ ಬಂದ ತೋಟಾ ಬಂದೂಕನ್ನೋ ಕೊಟ್ಟು, ಅದು ಎಡೆಬಿಡದೆ ಸಿಡಿಯುವಂತೆ ತೋರಿಸಿದರೆ, ಕಿತ್ತೂರಿನ ಪಡೆ ಬಾಗಿಲಿನಿಂದ ನುಗ್ಗಿ ಗೆದ್ದದ್ದು ಪವಾಡವಾಗಿಬಿಡುತ್ತದೆ. ಎರಡು ಹೊಡೆತಗಳ ನಡುವಿನ ಅಂತರವನ್ನು ಅಳಿಸಿದರೆ ಆ ಅಂತರವನ್ನು ಬಳಸಿಕೊಂಡವರ ಬುದ್ಧಿವಂತಿಕೆಯೂ ಅಳಿಯುತ್ತದೆ. ಮದ್ದು ಕೆಡಿಸಿದ ಕಥೆಯೂ ಹಾಗೆಯೇ. ಕರಿಮದ್ದಿನ ಸ್ವಭಾವ, ಬಟ್ಟಲಿನಲ್ಲಿ ಮಾತ್ರ ಭುಗಿಲೆದ್ದು ನಳಿಕೆ ಮೌನವಾಗಿ ಉಳಿಯುವ ಕ್ಷಣ, ಇವನ್ನು ತೋರಿಸದೆ ದ್ರೋಹದ ಪರಿಣಾಮವನ್ನು ಬರಿಯ ಮಾತಿನಲ್ಲಿ ಹೇಳಿದರೆ ಅದು ನಾಟಕೀಯ ಉದ್ಗಾರವಾಗಿ ಉಳಿಯುತ್ತದೆ.

ನಿಖರತೆಯ ಹಂಬಲಕ್ಕೆ ಒಂದು ಗಡಿಯೂ ಇದೆ. 1993ರಲ್ಲಿ ‘ದಿ ಕ್ರೋ’ ಚಿತ್ರೀಕರಣದಲ್ಲಿ ನಟ ಬ್ರ್ಯಾಂಡನ್ ಲೀ, 2021ರಲ್ಲಿ ‘ರಸ್ಟ್’ ಚಿತ್ರೀಕರಣದಲ್ಲಿ ಛಾಯಾಗ್ರಾಹಕಿ ಹಲೈನಾ ಹಚಿನ್ಸ್ ಪರಿಕರವೆಂದು ಬಳಸಿದ ಬಂದೂಕಿನಿಂದಲೇ ಪ್ರಾಣ ಕಳೆದುಕೊಂಡರು. ಗುಂಡಿಲ್ಲದ ಮದ್ದಿನ ಸಿಡಿತವೂ ಹತ್ತಿರದಲ್ಲಿ ಅಪಾಯಕಾರಿ. ಆದುದರಿಂದ ಪರಿಕರ ರೂಪದಲ್ಲಿ, ತೂಕದಲ್ಲಿ, ನಡೆಯಲ್ಲಿ ನಿಜವಾಗಿರಬೇಕು. ಕೊಲ್ಲುವ ಶಕ್ತಿಯಲ್ಲಿ ಮಾತ್ರ ಹುಸಿಯಾಗಿರಬೇಕು.

ಉಪಸಂಹಾರ

ಒಟ್ಟಾರೆಯಾಗಿ ನೋಡಿದಾಗ, ಸಂಪಗಾಂವ ಸೀಮೆಯ ಬಂದೂಕು ರಣರಂಗದಲ್ಲಿ ಆಯುಧವಾಗಿ, ಲಾವಣಿಯಲ್ಲಿ ಮಾತಾಗಿ, ರಂಗದ ಮೇಲೆ ಮರವಾಗಿ, ತೆರೆಯ ಮೇಲೆ ಬಿಂಬವಾಗಿ ನಾಲ್ಕು ಅವಸ್ಥೆಗಳನ್ನು ಕಂಡಿದೆ. ಕಾನೂನು ಕಸಿದುಕೊಂಡ ವಸ್ತುವನ್ನು ಕಲೆ ಮರಳಿ ತಂದುಕೊಟ್ಟಿದೆ. ಆ ಕೊಡುಗೆ ಸಾರ್ಥಕವಾಗಬೇಕಾದರೆ ಚಿತ್ರಕರ್ಮಿಗಳೂ ಇತಿಹಾಸಕಾರರೂ ಒಂದೆಡೆ ಸೇರುವುದು ಅಗತ್ಯ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಆ ಕಾಲದ ಆಯುಧಗಳ ಅಳತೆ, ಚಿತ್ರ, ರಚನಾಕ್ರಮಗಳನ್ನು ದಾಖಲಿಸಿ ಪ್ರಕಟಿಸಿದರೆ ಅದು ಸಂಶೋಧಕನಿಗೂ ಪರಿಕರ ತಯಾರಿಸುವ ಬಡಗಿಗೂ ಸಮಾನವಾಗಿ ಉಪಯುಕ್ತವಾಗುವುದು. ಅಂತೆಯೇ ಹಳೆಯ ಚಿತ್ರಗಳಿಗಾಗಿ ಸಿದ್ಧಪಡಿಸಿದ ಪರಿಕರಗಳೂ ತಮ್ಮ ಕಾಲದ ಇತಿಹಾಸಪ್ರಜ್ಞೆಗೆ ಸಾಕ್ಷಿಗಳಾದ್ದರಿಂದ ಅವುಗಳಿಗೂ ಸಂರಕ್ಷಣೆ ಸಲ್ಲಬೇಕು. ಅಮಟೂರ ಬಾಳಪ್ಪನ ಕೈಯ ಬಂದೂಕು ಒಂದು ಗುಂಡಿನ ಬಂದೂಕು. ಗುರಿ ತಪ್ಪಿದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದನು. ಇದನ್ನು ಅರಿತ ಪ್ರೇಕ್ಷಕನಿಗೆ ಮಾತ್ರ ಆ ಒಂದು ಗುಂಡಿನ ಬೆಲೆ ತಿಳಿದೀತು.