ಪೂರಕ ಮತ್ತು ಪರ್ಯಾಯ ವೈದ್ಯಪದ್ಧತಿಗಳು

ಆಧುನಿಕ ವೈದ್ಯವಿಜ್ಞಾನದ ಚೌಕಟ್ಟಿನ ಹೊರಗೆ ಬೆಳೆದುಬಂದ ಚಿಕಿತ್ಸಾಕ್ರಮಗಳನ್ನು ಒಟ್ಟಾಗಿ ಪೂರಕ ಮತ್ತು ಪರ್ಯಾಯ ವೈದ್ಯಪದ್ಧತಿಗಳು ಎನ್ನುತ್ತಾರೆ. ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪಥಿ, ಆಕ್ಯುಪಂಕ್ಚರ್, ಕೈರೋಪ್ರಾಕ್ಟಿಕ್ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವೆಲ್ಲ ಒಂದೇ ಸಿದ್ಧಾಂತದಿಂದ ಹುಟ್ಟಿದವಲ್ಲ. ಇವುಗಳ ಕಾಲ, ದೇಶ, ತತ್ತ್ವಗಳು ಬೇರೆ ಬೇರೆ.

ಪದಗಳ ಅರ್ಥ

‘ಪೂರಕ’ ಮತ್ತು ‘ಪರ್ಯಾಯ’ ಎಂಬ ಪದಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಬಳಸಿದರೂ ಅವುಗಳ ಅರ್ಥ ಒಂದೇ ಅಲ್ಲ. ಆಧುನಿಕ ಚಿಕಿತ್ಸೆಯ ಜೊತೆಗೆ ಕೈಗೊಳ್ಳುವ ಕ್ರಮ ಪೂರಕ. ಅದನ್ನು ಬಿಟ್ಟು ಅದರ ಸ್ಥಾನದಲ್ಲಿ ಅನುಸರಿಸುವ ಕ್ರಮ ಪರ್ಯಾಯ. ಮಧುಮೇಹಿಯೊಬ್ಬರು ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಯೋಗಾಭ್ಯಾಸ ಮಾಡಿದರೆ ಯೋಗವು ಪೂರಕವಾಗುತ್ತದೆ. ಯೋಗವನ್ನೇ ನೆಚ್ಚಿ ಇನ್ಸುಲಿನ್ ನಿಲ್ಲಿಸಿದರೆ ಅದೇ ಯೋಗ ಪರ್ಯಾಯವಾಗುತ್ತದೆ. ಒಂದನೆಯ ಬಗೆಯ ಮಧುಮೇಹದಲ್ಲಿ ಹೀಗೆ ಮಾಡುವುದು ಪ್ರಾಣಾಂತಿಕ. ಆದ್ದರಿಂದ ಈ ಭೇದವು ಚಿಕಿತ್ಸೆಯ ಹೆಸರಿನಲ್ಲಿಲ್ಲ, ಅದನ್ನು ಬಳಸುವ ರೀತಿಯಲ್ಲಿದೆ. ಪರೀಕ್ಷೆಯಲ್ಲಿ ಗುಣ ಕಂಡ ಪೂರಕ ಕ್ರಮಗಳನ್ನು ಆಧುನಿಕ ಚಿಕಿತ್ಸೆಯೊಡನೆ ಯೋಜಿತವಾಗಿ ಹೊಂದಿಸುವುದಕ್ಕೆ ಸಮನ್ವಯ ವೈದ್ಯ ಎಂದು ಹೆಸರು.

ಹಿನ್ನೆಲೆ

ಆಯುರ್ವೇದ ಮತ್ತು ಚೀನೀ ವೈದ್ಯಗಳು ಪ್ರಾಚೀನ ಪರಂಪರೆಗಳು. ಇತರ ಕೆಲವು ಪದ್ಧತಿಗಳು ಈಚಿನವು. ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್ 1796ರಲ್ಲಿ ಹೋಮಿಯೋಪಥಿಯ ಮೂಲತತ್ತ್ವವನ್ನು ಪ್ರಕಟಿಸಿದರು. ಬೆನ್ನುಹುರಿಯ ಸುತ್ತಲಿನ ಮೂಳೆಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟಿಕ್ ಪದ್ಧತಿಯನ್ನು ಅಮೆರಿಕದ ಡಿ. ಡಿ. ಪಾಮರ್ 1895ರಲ್ಲಿ ಆರಂಭಿಸಿದರು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ 1998ರಲ್ಲಿ ರೂಪುಗೊಂಡ ಸಂಶೋಧನಾ ಕೇಂದ್ರದ ಹೆಸರಿನಲ್ಲಿ ‘ಪೂರಕ ಮತ್ತು ಪರ್ಯಾಯ ವೈದ್ಯ’ ಎಂಬ ಮಾತಿತ್ತು. 2014ರಲ್ಲಿ ‘ಪರ್ಯಾಯ’ ಪದವನ್ನು ಕೈಬಿಟ್ಟು ‘ಪೂರಕ ಮತ್ತು ಸಮನ್ವಯ ಆರೋಗ್ಯ’ ಎಂದು ಬದಲಿಸಲಾಯಿತು.

ಭಾರತದಲ್ಲಿ

ಪಾಶ್ಚಾತ್ಯ ದೇಶಗಳಲ್ಲಿ ‘ಪರ್ಯಾಯ’ ಎನಿಸಿದ ಹಲವು ಪದ್ಧತಿಗಳಿಗೆ ಭಾರತದಲ್ಲಿ ಕಾನೂನಿನ ಮಾನ್ಯತೆಯಿದೆ. ಅವುಗಳಿಗೆ ಕಾಲೇಜು, ಪದವಿ, ಸರ್ಕಾರಿ ಆಸ್ಪತ್ರೆಗಳಿವೆ. ಕೇಂದ್ರ ಸರ್ಕಾರ 1995ರಲ್ಲಿ ಇವುಗಳಿಗಾಗಿ ಪ್ರತ್ಯೇಕ ಇಲಾಖೆಯನ್ನು ರಚಿಸಿತು. 2003ರಲ್ಲಿ ಅದಕ್ಕೆ ‘ಆಯುಷ್’ ಎಂಬ ಹೆಸರು ಬಂದಿತು. 2014ರ ನವೆಂಬರ್‌ನಲ್ಲಿ ಅದು ಸಚಿವಾಲಯವಾಯಿತು.

ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಷ್ಟು ಹಿಂದಿನದು. ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಇವಲ್ಲದೆ ಮೂಳೆ ಕಟ್ಟುವವರು, ಕಾಮಾಲೆಗೆ ಸೊಪ್ಪಿನ ರಸ ಕೊಡುವವರು ಮೊದಲಾದ ನಾಟಿ ವೈದ್ಯರು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಇವರ ವಿದ್ಯೆ ಬಹುಮಟ್ಟಿಗೆ ಮನೆತನದಿಂದ ಬಂದದ್ದು. ಪದವಿ ಪಡೆದ ಆಯುಷ್ ವೈದ್ಯರಿಗೂ ಇವರಿಗೂ ವ್ಯತ್ಯಾಸವಿದೆ.

ಪರೀಕ್ಷೆ ಮತ್ತು ಪ್ರಮಾಣ

ಔಷಧ ಸೇವಿಸಿದ ಮೇಲೆ ರೋಗ ವಾಸಿಯಾಯಿತೆಂದ ಮಾತ್ರಕ್ಕೆ ಔಷಧದಿಂದಲೇ ವಾಸಿಯಾಯಿತೆನ್ನಲಾಗದು. ‘ಎ’ ಬಗೆಯ ವೈರಾಣುವಿನಿಂದ ಬರುವ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನಮ್ಮಲ್ಲಿನ ಬಹುಪಾಲು ಹಾವುಗಳು ವಿಷರಹಿತ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಇಂಥ ಸಂದರ್ಭಗಳಲ್ಲಿ ಯಾವ ಮದ್ದು ಕೊಟ್ಟರೂ ಗುಣವಾದಂತೆ ಕಾಣುತ್ತದೆ. ಆದರೆ ನಾಗರಹಾವು, ಕೊಳಕುಮಂಡಲಗಳ ವಿಷ ದೇಹಕ್ಕೇರಿದಾಗ ಪ್ರತಿವಿಷದ ಚುಚ್ಚುಮದ್ದೇ ಬೇಕು. ಬೇರೆಡೆ ಕಳೆದ ಸಮಯ ಪ್ರಾಣಕ್ಕೆ ಮುಳುವಾಗುತ್ತದೆ. ಆದುದರಿಂದಲೇ ಔಷಧ ಪಡೆದವರನ್ನು ಪಡೆಯದವರೊಡನೆ ಹೋಲಿಸಿ ನೋಡುವ ನಿಯಂತ್ರಿತ ಪರೀಕ್ಷೆ ಅಗತ್ಯ.

ಪರಂಪರೆಯ ಜ್ಞಾನ ಈ ಪರೀಕ್ಷೆಯಲ್ಲಿ ಗೆದ್ದ ನಿದರ್ಶನಗಳಿವೆ. ಸರ್ಪಗಂಧದ ಬೇರು ರಕ್ತದ ಒತ್ತಡವನ್ನು ಇಳಿಸುವುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ವರದಿ ಮಾಡಿದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು. ಚೀನೀ ವೈದ್ಯದ ಮೂಲಿಕೆಯೊಂದರಿಂದ ಮಲೇರಿಯಾ ನಿವಾರಕ ಆರ್ಟಿಮಿಸಿನಿನ್ ಅನ್ನು ಶೋಧಿಸಿದ ಟು ಯುಯು 2015ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ದೀರ್ಘಕಾಲದ ಸೊಂಟನೋವಿಗೆ ಯೋಗದಿಂದ ಸ್ವಲ್ಪಮಟ್ಟಿನ ಉಪಶಮನ ಕಂಡುಬಂದಿದೆ. ಹೋಮಿಯೋಪಥಿಗೆ ಇಂಥ ಬೆಂಬಲ ದೊರೆತಿಲ್ಲ. ಯಾವ ಕಾಯಿಲೆಗೂ ಅದು ಪರಿಣಾಮಕಾರಿ ಎನ್ನಲು ನಂಬಲರ್ಹ ಸಾಕ್ಷ್ಯವಿಲ್ಲವೆಂದು ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ತೀರ್ಮಾನಿಸಿತು.

ಅಪಾಯಗಳು

ಸಸ್ಯಮೂಲದ ಔಷಧವೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಸರಿಯಲ್ಲ.

ಕಲಬೆರಕೆ ಮತ್ತು ಭಾರಲೋಹ: ಅಮೆರಿಕದ ಬೋಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರ ಅಧ್ಯಯನವೊಂದು ತೋರಿಸಿತು.

ಔಷಧಗಳ ಪರಸ್ಪರ ಕ್ರಿಯೆ: ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಮತ್ತು ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನು ಕುಗ್ಗಿಸುತ್ತದೆ.

ಚಿಕಿತ್ಸೆಯ ವಿಳಂಬ: ಗುಣಪಡಿಸಬಹುದಾದ ಹಂತದ ಕ್ಯಾನ್ಸರಿಗೆ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ರೋಗಿಗಳನ್ನು ಕುರಿತು ಅಮೆರಿಕದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಸಾವಿನ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು.

ಕಾನೂನು ಮತ್ತು ರೋಗಿಯ ಎಚ್ಚರಿಕೆ

ಕ್ಯಾನ್ಸರ್, ಮಧುಮೇಹ ಮೊದಲಾದ ನಿಗದಿತ ರೋಗಗಳನ್ನು ವಾಸಿಮಾಡುವುದಾಗಿ ಸಾರ್ವಜನಿಕರಿಗೆ ಜಾಹೀರಾತು ನೀಡುವುದನ್ನು ಭಾರತದ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ನಿಷೇಧಿಸುತ್ತದೆ. ಪೂರಕ ಚಿಕಿತ್ಸೆ ಪಡೆಯುವವರು ಚಿಕಿತ್ಸಕರ ನೋಂದಣಿಯನ್ನೂ ಔಷಧದ ಮೇಲಿನ ತಯಾರಿಕಾ ಪರವಾನಗಿಯನ್ನೂ ನೋಡಿಕೊಳ್ಳಬೇಕು. ಸೇವಿಸುತ್ತಿರುವ ಕಷಾಯ, ಲೇಹ್ಯ, ಭಸ್ಮಗಳ ಸಂಗತಿಯನ್ನು ಅನೇಕರು ‘ಡಾಕ್ಟರು ಬೈದಾರು’ ಎಂಬ ಅಳುಕಿನಿಂದ ಮುಚ್ಚಿಡುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ಗರ್ಭಾವಸ್ಥೆಯಲ್ಲಿ ಇದು ವಿಶೇಷವಾಗಿ ಅಪಾಯಕರ. ಎರಡೂ ಕಡೆಯ ವೈದ್ಯರಿಗೆ ಎಲ್ಲ ಔಷಧಗಳನ್ನು ತಿಳಿಸುವುದು, ನಡೆಯುತ್ತಿರುವ ಔಷಧವನ್ನು ಅದನ್ನು ಬರೆದುಕೊಟ್ಟವರನ್ನು ಕೇಳದೆ ನಿಲ್ಲಿಸದಿರುವುದು ಪೂರಕ ಚಿಕಿತ್ಸೆಯ ಮೊದಲ ನಿಯಮಗಳು.